ಸೂತ್ರ, ಕೀಲು, ಉರುಳೆ: ಯಂತ್ರಕ್ಕೆ ಸ್ಮೃತಿ ಬಂದ ಬಗೆ

ಕನ್ನಡದಲ್ಲಿ 'ಯಂತ್ರ' ಎಂಬ ಮಾತು ಹೊತ್ತಿರುವ ಭಾರ ಸಾಮಾನ್ಯವಾದುದಲ್ಲ. ಮಗುವಿನ ಕೊರಳಿಗೆ ಕಟ್ಟುವ ತಾಯಿತದೊಳಗಿನ ತಾಮ್ರದ ತಗಡೂ ಯಂತ್ರವೇ. ಅಕ್ಕಿಯ ಗಿರಣಿಯಲ್ಲಿ ಗಡಗಡಿಸುವುದೂ ಯಂತ್ರವೇ. ದೆಹಲಿಯಲ್ಲಿ ನೆಲೆಸಿದ ಕನ್ನಡಿಗರು ಹಾದುಹೋಗುವ ಜಂತರ್ ಮಂತರ್‌ನ ಗಾರೆಯ ಮಹಾಕಟ್ಟಡಗಳೂ, 'ಜಂತರ್' ಎಂಬ ಹೆಸರೇ ಸಾರುವಂತೆ, ಯಂತ್ರಗಳೇ. ಇವುಗಳಲ್ಲಿ ಕೊನೆಯದು ಎಂದೂ ಅಲುಗಿದ್ದಲ್ಲ; ಅಲುಗುವುದು ಅದರ ಮೇಲೆ ಬೀಳುವ ನೆರಳು ಮಾತ್ರ. ಈ ಮೂರಕ್ಕೂ ಸಮಾನವಾದ ಅರ್ಥವು 'ಯಮ್' ಎಂಬ ಧಾತುವಿನಲ್ಲಿ ಅಡಗಿದೆ. ಹಿಡಿದಿಡುವುದು, ಕಟ್ಟಿಗೆ ಒಳಪಡಿಸುವುದು ಎಂಬುದೇ ಆ ಅರ್ಥ. ಧಾರಾನಗರದ ಪರಮಾರ ಭೋಜನು 11ನೆಯ ಶತಮಾನದಲ್ಲಿ ರಚಿಸಿದನೆನ್ನಲಾದ 'ಸಮರಾಂಗಣಸೂತ್ರಧಾರ'ದ ಯಂತ್ರವಿಧಾನವೆಂಬ 31ನೆಯ ಅಧ್ಯಾಯವು ಈ ಅರ್ಥವನ್ನೇ ಹಿಡಿದು, ತಮ್ಮ ತಮ್ಮ ಸ್ವಭಾವದಂತೆ ಚಲಿಸುವ ಭೂತಗಳನ್ನು ತನ್ನ ಉದ್ದೇಶಕ್ಕೆ ತಕ್ಕಂತೆ ನಿಯಮಿಸುವುದೇ ಯಂತ್ರವೆಂದು ಹೇಳುತ್ತದೆ. ನೀರು ತನ್ನಿಚ್ಛೆಯಂತೆ ಇಳಿಯುತ್ತದೆ, ಬೆಂಕಿ ಮೇಲೇರುತ್ತದೆ, ಭಾರವು ಬೀಳುತ್ತದೆ. ಈ ಇಳಿತ, ಏರಿಕೆ, ಬೀಳುವಿಕೆಗಳನ್ನು ಕಟ್ಟಿಹಾಕಿ ಬೇಕಾದ ಕೆಲಸಕ್ಕೆ ಹಚ್ಚುವವನೇ ಯಂತ್ರಕಾರ. ಇದಕ್ಕಿಂತ ಉತ್ತಮವಾದ ಲಕ್ಷಣವಾಕ್ಯವನ್ನು ಇಂದಿನ ಪಠ್ಯಪುಸ್ತಕಗಳಲ್ಲಿಯೂ ಕಾಣುವುದು ಕಷ್ಟ.

ಆದರೆ ಈ ಲಕ್ಷಣವು ಏತಕ್ಕೂ ಒಪ್ಪುತ್ತದೆ, ಗಡಿಯಾರಕ್ಕೂ ಒಪ್ಪುತ್ತದೆ. ಏತವನ್ನು ನಾವು 'ತಾನಾಗಿ ನಡೆಯುವ ಯಂತ್ರ'ವೆನ್ನುವುದಿಲ್ಲ. ಗಡಿಯಾರವನ್ನು ಹಾಗೆನ್ನಲು ಹಿಂಜರಿಯುವುದಿಲ್ಲ. ಇವೆರಡರ ನಡುವಿನ ಗೆರೆ ಎಲ್ಲಿದೆ? ಯಂತ್ರಕ್ಕೆ ಶಕ್ತಿಯನ್ನು ಕೊಡುವುದು ಒಂದು ಕೆಲಸ, ಆಜ್ಞೆಯನ್ನು ಕೊಡುವುದು ಇನ್ನೊಂದು ಕೆಲಸ. ಏತದಲ್ಲಿ ಇವೆರಡೂ ಒಬ್ಬನೇ ಆಳಿನಿಂದ ಬರುತ್ತವೆ. ಆಜ್ಞೆಯು ಆಳಿನ ತಲೆಯಿಂದ ಇಳಿದು ಮರದಲ್ಲಿ, ಹಗ್ಗದಲ್ಲಿ, ಲೋಹದಲ್ಲಿ ಮನೆಮಾಡಿದ ಗಳಿಗೆಯಿಂದಲೇ ಸ್ವಯಂಚಲಿ ಯಂತ್ರಗಳ ಚರಿತ್ರೆ ಆರಂಭವಾಗುತ್ತದೆ ಎಂದು ಈ ಲೇಖಕನ ಅಭಿಪ್ರಾಯ. ರೋಬೋಟುಗಳ ವಿಷಯವಾಗಿ ಇಂದು ನಡೆಯುವ ಮಾತುಕತೆಯಲ್ಲಿ ಈ ಭೇದವನ್ನು ಮರೆಯುವುದರಿಂದಲೇ ಅನಗತ್ಯವಾದ ಭಯವೂ ಅನಗತ್ಯವಾದ ಹೆಮ್ಮೆಯೂ ಹುಟ್ಟಿಕೊಳ್ಳುತ್ತಿವೆ.

ಶಕ್ತಿಯ ವಿಷಯವನ್ನು ಮೊದಲು ಮುಗಿಸಿಬಿಡೋಣ. ಕ್ರಿ. ಶ. 1ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿದ್ದ ಹೇರಾನ್ ಎಂಬ ಗ್ರೀಕ್ ವಿದ್ವಾಂಸನು ಮೂಲಯಂತ್ರಗಳು ಐದೆಂದು ಎಣಿಸಿದ: ಅಚ್ಚಿಗೆ ಕೂಡಿಸಿದ ಗಾಲಿ, ಸನ್ನೆ, ರಾಟೆ, ಬೆಣೆ, ತಿರುಪು. ಈ ವಿವರವುಳ್ಳ ಅವನ ಯಂತ್ರಶಾಸ್ತ್ರದ ಗ್ರೀಕ್ ಮೂಲವು ಬಹುಮಟ್ಟಿಗೆ ನಷ್ಟವಾಗಿ, ಕುಸ್ತಾ ಇಬ್ನ್ ಲೂಕಾ ಮಾಡಿದ ಅರಬ್ಬೀ ಅನುವಾದದಿಂದ ಉಳಿದು ಬಂದಿದೆ. ಇಳಿಜಾರು ಹಲಗೆಯನ್ನು ಆರನೆಯದಾಗಿ ಸೇರಿಸಿದವರು ಬಹಳ ಕಾಲದ ಅನಂತರದ ಯೂರೋಪಿನವರು. ಹಳ್ಳಿಯಲ್ಲಿ ಬೆಳೆದ ಯಾರಿಗೂ ಇವುಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ಬಾವಿಯ ಮೇಲಿನ ರಾಟೆ, ಸೌದೆ ಸೀಳುವಾಗ ಹೊಡೆಯುವ ಬೆಣೆ, ಬಂಡೆಯನ್ನು ಎಬ್ಬಿಸುವ ಹಾರೆ, ಮೂಟೆಯನ್ನು ಗಾಡಿಗೇರಿಸಲು ಒರಗಿಸುವ ಹಲಗೆ, ಇಷ್ಟೇ ಇವೆಲ್ಲ. ಸನ್ನೆಯ ಒಂದು ತೋಳು ಇನ್ನೊಂದರ ನಾಲ್ಕರಷ್ಟು ಉದ್ದವಿದ್ದರೆ ನಾಲ್ಕರಲ್ಲಿ ಒಂದು ಪಾಲು ಬಲದಿಂದಲೇ ಭಾರವನ್ನೆತ್ತಬಹುದು. ಆದರೆ ಭಾರವು ಒಂದು ಅಡಿ ಏಳಬೇಕಾದರೆ ಕೈಯು ನಾಲ್ಕು ಅಡಿ ಇಳಿಯಬೇಕು. ಯಂತ್ರವು ಏನನ್ನೂ ಪುಕ್ಕಟೆಯಾಗಿ ಕೊಡುವುದಿಲ್ಲವೆಂಬ ಈ ಸತ್ಯವನ್ನು 1600ರ ಸುಮಾರಿಗೆ ಗೆಲಿಲಿಯೋ ಸ್ಪಷ್ಟವಾಗಿ ಬರೆದಿಟ್ಟ. ಯಂತ್ರದಿಂದ ನಿಸರ್ಗವನ್ನು ವಂಚಿಸಬಹುದೆಂದು ನಂಬಿದ ಯಂತ್ರಕಾರರನ್ನು ಕುರಿತು ಅವನಾಡಿದ ಮಾತು ಕಟುವಾಗಿಯೇ ಇದೆ. ನಾವು ನೋಡಲಿರುವ ಬೊಂಬೆಗಳಲ್ಲಿ ಎಷ್ಟೇ ವೈಚಿತ್ರ್ಯವಿದ್ದರೂ ಈ ಐದಾರು ಮೂಲಯಂತ್ರಗಳನ್ನು ಬಿಟ್ಟು ಬೇರೆ ಅವಯವಗಳು ಅವುಗಳಲ್ಲಿ ಹೆಚ್ಚಾಗಿಲ್ಲ.

ಆಜ್ಞೆಯ ವಿಷಯಕ್ಕೆ ಬಂದರೆ, ನಮಗೆ ದೊರೆತಿರುವ ಮೊದಲನೆಯ ಸ್ಪಷ್ಟ ನಿದರ್ಶನವೂ ಹೇರಾನನದೇ. ಅವನು ಪುಟ್ಟದೊಂದು ಬೊಂಬೆಯಾಟದ ರಂಗವನ್ನು ರಚಿಸಿ, ಅದನ್ನು ಮೂರು ಗಾಲಿಯ ಬಂಡಿಯ ಮೇಲಿಟ್ಟು, ಬಂಡಿಯು ತಾನಾಗಿ ಸಭೆಯೆದುರಿಗೆ ಬಂದು ನಿಂತು, ಆಟವಾಡಿ, ತಾನಾಗಿ ಹಿಂದಿರುಗುವಂತೆ ಮಾಡುವ ಕ್ರಮವನ್ನು ವಿವರಿಸಿದ್ದಾನೆ. ಅದರ ಗುಟ್ಟು ಅತ್ಯಂತ ಸರಳ. ಬಂಡಿಯ ಒಳಗೆ ನಿಲ್ಲಿಸಿದ ಒಂದು ಕೊಳವೆಯ ತುಂಬ ಸಣ್ಣ ಕಾಳುಗಳಿವೆ. ಕಾಳಿನ ಮೇಲೆ ಸೀಸದ ಗುಂಡು ಕುಳಿತಿದೆ. ಕೊಳವೆಯ ಅಡಿಯ ರಂಧ್ರದಿಂದ ಕಾಳು ಸುರಿದುಹೋದಂತೆಲ್ಲ ಗುಂಡು ಮೆಲ್ಲಮೆಲ್ಲನೆ ಇಳಿಯುತ್ತದೆ. ಗುಂಡಿಗೆ ಕಟ್ಟಿದ ಹುರಿಯು ಮೇಲಿನ ರಾಟೆಯನ್ನು ಬಳಸಿ ಬಂದು ಗಾಲಿಯ ಅಚ್ಚಿಗೆ ಸುತ್ತಿಕೊಂಡಿದೆ. ಗುಂಡು ಇಳಿದರೆ ಹುರಿ ಬಿಚ್ಚುತ್ತದೆ, ಅಚ್ಚು ತಿರುಗುತ್ತದೆ, ಬಂಡಿ ಮುಂದುವರಿಯುತ್ತದೆ. ಇಷ್ಟು ಶಕ್ತಿಯ ಮಾತಾಯಿತು. ಇನ್ನು ಆಜ್ಞೆ: ಹುರಿಯನ್ನು ಅಚ್ಚಿಗೆ ಬಲಕ್ಕೆ ಹತ್ತು ಸುತ್ತು ಸುತ್ತಿ, ಅಚ್ಚಿನಲ್ಲಿ ನೆಟ್ಟ ಗೂಟವೊಂದನ್ನು ಬಳಸಿ ತಿರುಗಿಸಿ ಎಡಕ್ಕೆ ಹತ್ತು ಸುತ್ತು ಸುತ್ತಿದರೆ, ಬಂಡಿಯು ಹತ್ತು ಸುತ್ತಿನಷ್ಟು ಮುಂದೆ ಹೋಗಿ ಅಷ್ಟೇ ಹಿಂದಕ್ಕೆ ಬರುತ್ತದೆ. ನಡುವೆ ಸ್ವಲ್ಪ ಹುರಿಯನ್ನು ಸಡಿಲವಾಗಿ ಬಿಟ್ಟರೆ, ಆ ಸಡಿಲು ಮುಗಿಯುವವರೆಗೆ ಬಂಡಿ ನಿಂತಿರುತ್ತದೆ. ಬೇರೆ ದಾರಿಯಲ್ಲಿ ನಡೆಸಬೇಕಾದರೆ ಬಂಡಿಯನ್ನು ಒಡೆಯಬೇಕಾಗಿಲ್ಲ. ಹುರಿಯನ್ನು ಬೇರೆ ರೀತಿ ಸುತ್ತಿದರೆ ಸಾಕು. ಷೆಫೀಲ್ಡ್ ವಿಶ್ವವಿದ್ಯಾಲಯದ ನೋಯೆಲ್ ಶಾರ್ಕಿ ಅವರು 2007ರಲ್ಲಿ ಇಂಥ ಬಂಡಿಯೊಂದನ್ನು ಸುಲಭ ಸಾಮಗ್ರಿಯಿಂದ ಮಾಡಿ ನಡೆಸಿ ತೋರಿಸಿದರು.

ನಮ್ಮವರಿಗೆ ಸೂತ್ರದ ಬೊಂಬೆಯ ಪರಿಚಯವುಂಟು. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಯಕ್ಷಗಾನ ಬೊಂಬೆಗಳನ್ನು ನೋಡಿದವರು, ಸೂತ್ರವನ್ನು ಹಿಡಿದ ಬೆರಳೊಂದು ತುಸು ಕೊಂಕಿದರೆ ಕೀಚಕನ ತೋಳು ಹೇಗೆ ಏಳುತ್ತದೆಂಬುದನ್ನು ಬಲ್ಲರು. ಅಲ್ಲಿ ಸೂತ್ರವು ಆಜ್ಞೆಯನ್ನು ಒಯ್ಯುತ್ತದೆಯೇ ಹೊರತು ಇಟ್ಟುಕೊಳ್ಳುವುದಿಲ್ಲ. ಕೈ ನಿಂತರೆ ಬೊಂಬೆ ನಿಂತಿತು. ಹೇರಾನನ ಹುರಿಯಲ್ಲಿ ಆಜ್ಞೆಯು ಮೊದಲೇ ಸುತ್ತಿಟ್ಟಿದೆ. ಸೂತ್ರಧಾರನು ಮನೆಗೆ ಹೋಗಿ ಮಲಗಿದರೂ ಆಟ ನಡೆಯುತ್ತದೆ. ಯಂತ್ರಕ್ಕೆ ಸ್ಮೃತಿ ಬಂದಿತೆಂದು ಶೀರ್ಷಿಕೆಯಲ್ಲಿ ಹೇಳಿದ್ದು ಇದನ್ನೇ.

ಹೇರಾನನು ದೇವಾಲಯಗಳಿಗಾಗಿ ಹೇಳಿದ ಚಮತ್ಕಾರಗಳು ಹೆಚ್ಚು ಪ್ರಸಿದ್ಧ. ನಾಣ್ಯವನ್ನು ಹಾಕಿದರೆ ತೀರ್ಥವನ್ನು ಸುರಿಸುವ ಪಾತ್ರೆಯೊಂದುಂಟು: ನಾಣ್ಯವು ಸನ್ನೆಯ ಒಂದು ತುದಿಯ ತಟ್ಟೆಯ ಮೇಲೆ ಬಿದ್ದು ಅದನ್ನು ತಗ್ಗಿಸುತ್ತದೆ, ಇನ್ನೊಂದು ತುದಿಯು ಕವಾಟವನ್ನೆತ್ತುತ್ತದೆ, ನಾಣ್ಯವು ಜಾರಿ ಬೀಳುವವರೆಗೆ ಮಾತ್ರ ನೀರು ಬರುತ್ತದೆ. ಅಗ್ನಿಯನ್ನು ಹೊತ್ತಿಸಿದೊಡನೆ ಗುಡಿಯ ಬಾಗಿಲು ತೆರೆಯುವ ಉಪಾಯವೂ ಅವನಲ್ಲಿದೆ. ಬಿಸಿಯಾದ ಗಾಳಿ ಹಿಗ್ಗಿ ನೀರನ್ನು ತಳ್ಳುತ್ತದೆ, ನೀರು ತುಂಬಿದ ಪಾತ್ರೆಯ ಭಾರಕ್ಕೆ ಬಾಗಿಲುಗಂಬಗಳು ತಿರುಗುತ್ತವೆ. ಇವು ಚೆಲುವಾದ ಯುಕ್ತಿಗಳು. ಆದರೆ ಇವುಗಳಲ್ಲಿ ಬದಲಾಯಿಸಬಹುದಾದ ಆಜ್ಞೆಯಿಲ್ಲ.

ಗ್ರೀಕರ ಈ ವಿದ್ಯೆಯು ಬಗ್ದಾದಿಗೆ ಬಂದು ಸೊರಗಲಿಲ್ಲ, ಬೆಳೆಯಿತು. 9ನೆಯ ಶತಮಾನದಲ್ಲಿ ಅಲ್ಲಿದ್ದ ಬನೂ ಮೂಸಾ ಎಂಬ ಮೂವರು ಸೋದರರು ಸುಮಾರು ನೂರು ಯುಕ್ತಿಯಂತ್ರಗಳನ್ನು ವಿವರಿಸಿದರು. ನೀರಿನ ಬಲದಿಂದ ತಿರುಗುವ ಉರುಳೆಯ ಮೇಲಿನ ಮೊಳೆಗಳು ಕೊಳಲಿನ ರಂಧ್ರಗಳನ್ನು ತೆರೆದು ಮುಚ್ಚುವ ವಾದ್ಯವನ್ನೂ ಹೇಳಿದರು. ಅವರ ತರುವಾಯ, ಇಂದಿನ ತುರ್ಕಿಯ ದಿಯಾರ್‌ಬಕೀರಿನಲ್ಲಿ ಅರ್ತುಕೀ ದೊರೆಗಳ ಆಶ್ರಯದಲ್ಲಿದ್ದ ಅಲ್-ಜಜರಿಯು 1206ರಲ್ಲಿ ಐವತ್ತು ಯಂತ್ರಗಳನ್ನು ಕುರಿತ ತನ್ನ ಗ್ರಂಥವನ್ನು ಮುಗಿಸಿದ. ಇವನ ವೈಶಿಷ್ಟ್ಯವೆಂದರೆ, ಇವನು ಪಂಡಿತನಿಗಿಂತ ಹೆಚ್ಚಾಗಿ ಕುಶಲಕರ್ಮಿ. ಒಂದೊಂದು ಭಾಗದ ಅಳತೆಯನ್ನೂ, ಅದನ್ನು ಎರಕ ಹೊಯ್ಯುವ, ಬೆಸೆಯುವ ಕ್ರಮವನ್ನೂ, ಇನ್ನೊಬ್ಬನು ಓದಿ ಮಾಡಬಹುದಾದಷ್ಟು ವಿವರವಾಗಿ ಬರೆದಿದ್ದಾನೆ. ಅವನು ಬಣ್ಣಿಸಿದ ಆನೆಯ ಗಡಿಯಾರವು ಕನ್ನಡ ಓದುಗರಿಗೆ ವಿಶೇಷವಾಗಿ ಆಪ್ತವೆನಿಸುತ್ತದೆ. ಆನೆಯ ಹೊಟ್ಟೆಯೊಳಗೆ ನೀರಿನ ತೊಟ್ಟಿ. ನೀರಿನ ಮೇಲೆ ತಳದಲ್ಲಿ ತೂತುಳ್ಳ ಬಟ್ಟಲು. ಅರ್ಧ ಗಂಟೆಗೆ ಬಟ್ಟಲು ತುಂಬಿ ಮುಳುಗುತ್ತದೆ. ಮುಳುಗುವಾಗ ಅದು ಎಳೆದ ದಾರವು ಮೇಲಿನ ಮಂಟಪದಿಂದ ಗುಂಡೊಂದನ್ನು ಉರುಳಿಸುತ್ತದೆ. ಗುಂಡು ಗಿಡುಗನ ಕೊಕ್ಕಿನಿಂದ ಸರ್ಪದ ಬಾಯಿಗೆ ಬೀಳುತ್ತದೆ. ಭಾರಕ್ಕೆ ಸರ್ಪವು ಬಾಗಿ ಗುಂಡನ್ನು ಕೆಳಗಿಳಿಸುತ್ತದೆ, ಮಾವುತನ ಕೈ ಆಡುತ್ತದೆ, ತಾಳ ಝಣತ್ಕರಿಸುತ್ತದೆ. ಬಾಗಿದ ಸರ್ಪವೇ ಮುಳುಗಿದ ಬಟ್ಟಲನ್ನು ಮತ್ತೆ ಮೇಲಕ್ಕೆತ್ತಿ ನೀರಿನ ಮೇಲೆ ಖಾಲಿಯಾಗಿ ತೇಲಿಬಿಡುತ್ತದೆ. ಗುಂಡುಗಳಿರುವವರೆಗೆ ಇದು ನಡೆಯುತ್ತದೆ. ಆ ತೂತಿನ ಬಟ್ಟಲು ಮತ್ತೇನೂ ಅಲ್ಲ, ನಮ್ಮ ಹಿರಿಯರು ಮುಹೂರ್ತವನ್ನು ಅಳೆಯಲು ಇಡುತ್ತಿದ್ದ ಗಳಿಗೆಬಟ್ಟಲು. ನಮ್ಮಲ್ಲಿ ಅದು 24 ನಿಮಿಷಕ್ಕೊಮ್ಮೆ ಮುಳುಗುತ್ತಿತ್ತು, ಹಗಲಿರುಳು ಕೂಡಿ 60 ಸಲ. ಪ್ರತಿ ಸಲವೂ ಅದನ್ನೆತ್ತಿ ಇಡಲು ಒಬ್ಬನು ಕಾದು ಕುಳಿತಿರಬೇಕಾಗಿತ್ತು. ಅಲ್-ಜಜರಿಯು ಆ ಕಾವಲುಗಾರನ ಕೆಲಸವನ್ನು ಸರ್ಪಕ್ಕೆ ವಹಿಸಿದ. ಭಾರತದ ಬಟ್ಟಲಿಗೆ ಭಾರತದ ಆನೆಯನ್ನೇ ಹೊದಿಕೆಯಾಗಿ ಆರಿಸಿದುದರಲ್ಲಿ ಅವನ ರಸಿಕತೆ ಕಾಣುತ್ತದೆ.

ಅವನ ಇನ್ನೊಂದು ರಚನೆಯು ನಮ್ಮ ಪ್ರಸ್ತುತ ವಿಚಾರಕ್ಕೆ ಇನ್ನೂ ಮುಖ್ಯವಾದುದು. ಅರಸನ ಕೊಳದಲ್ಲಿ ತೇಲುವ ದೋಣಿಯಲ್ಲಿ ನಾಲ್ವರು ಬೊಂಬೆ ವಾದ್ಯಗಾರರು. ದೋಣಿಯೊಳಗೆ ನೀರಿನಿಂದ ತಿರುಗುವ ದಿಂಡು. ದಿಂಡಿನ ಮೈಯ ಮೇಲೆ ಮೊಳೆಗಳು. ಮೊಳೆಯು ಸನ್ನೆಯೊಂದನ್ನು ಒತ್ತಿದಾಗ ಬೊಂಬೆಯ ಕೈ ಎದ್ದು ಮದ್ದಳೆಯ ಮೇಲೆ ಬೀಳುತ್ತದೆ. ಮೊಳೆಗಳು ಎಲ್ಲೆಲ್ಲಿವೆಯೋ ತಾಳವು ಅಲ್ಲಲ್ಲಿ ಬೀಳುತ್ತದೆ. ಹುರಿಯ ಸುತ್ತಿನಲ್ಲಿದ್ದ ಸ್ಮೃತಿಯು ಇಲ್ಲಿ ಉರುಳೆಯ ಮೊಳೆಗೆ ಬಂದಿದೆ. ಹುರಿಯ ಆಜ್ಞೆ ಒಂದು ಸಲಕ್ಕೆ ಮುಗಿಯುತ್ತದೆ. ಉರುಳೆಯದು ಸುತ್ತಿ ಸುತ್ತಿ ಬರುತ್ತದೆ.

ಹಾಗಾದರೆ ನಮ್ಮ ದೇಶದಲ್ಲಿ? ಈ ಪ್ರಶ್ನೆಯನ್ನು ಹೊರನಾಡಿನಲ್ಲಿರುವ ಕನ್ನಡಿಗರು ಕೇಳದಿರುವುದಿಲ್ಲ, ಕೇಳಬೇಕಾದುದೂ ಹೌದು. ಇಲ್ಲಿ ಎರಡು ಬಗೆಯ ಆಧಾರಗಳಿವೆ, ಇವೆರಡನ್ನೂ ಬೆರೆಸಬಾರದು. ಕಥಾಸಾಹಿತ್ಯದಲ್ಲಿ ಯಂತ್ರಗಳಿಗೆ ಕೊರತೆಯಿಲ್ಲ. ಕಾಶ್ಮೀರದ ಸೋಮದೇವನು 11ನೆಯ ಶತಮಾನದಲ್ಲಿ ರಚಿಸಿದ 'ಕಥಾಸರಿತ್ಸಾಗರ'ದಲ್ಲಿ ಪ್ರಾಣಧರ, ರಾಜ್ಯಧರರೆಂಬ ಬಡಗಿ ಸೋದರರ ಕಥೆಯಿದೆ. ಅಣ್ಣನು ಮರದ ಹಂಸಗಳನ್ನು ಮಾಡಿ ದೊರೆಯ ಭಂಡಾರದಿಂದ ಒಡವೆಗಳನ್ನು ಕದಿಸುತ್ತಾನೆ. ತಮ್ಮನು ಪಾಳುಬಿದ್ದ ನಗರವೊಂದರಲ್ಲಿ ಯಂತ್ರದ ಪ್ರಜೆಗಳನ್ನು ತುಂಬಿಕೊಂಡು ಒಬ್ಬನೇ ಬದುಕುತ್ತಾನೆ. ಮಾತಿಲ್ಲದ ಆ ಪ್ರಜೆಗಳ ನಡುವಿನ ಒಬ್ಬನೇ ಮನುಷ್ಯನ ಚಿತ್ರವು ಇಂದಿನ ಯಾವ ಕಾದಂಬರಿಕಾರನ ಕಲ್ಪನೆಗೂ ಕಡಿಮೆಯದಲ್ಲ. ಪಂಚತಂತ್ರದ ಒಂದು ಪಾಠದಲ್ಲಿ ನೇಕಾರನೊಬ್ಬನು ಕೀಲಿನಿಂದ ನಡೆಯುವ ಮರದ ಗರುಡನನ್ನೇರಿ ವಿಷ್ಣುವಿನ ಸೋಗಿನಲ್ಲಿ ರಾಜಕುಮಾರಿಯ ಬಳಿಗೆ ಹೋಗುತ್ತಾನೆ. ಇವು ಕಥೆಗಳು, ಕಥೆಗಳಾಗಿಯೇ ಬೆಲೆಯುಳ್ಳವು.

ಶಾಸ್ತ್ರಸಾಹಿತ್ಯದಲ್ಲಿ ಮುಖ್ಯವಾದುದು ಮೊದಲು ಹೇಳಿದ ಸಮರಾಂಗಣಸೂತ್ರಧಾರ. ಟಿ. ಗಣಪತಿ ಶಾಸ್ತ್ರಿಗಳು ಸಂಪಾದಿಸಿದ ಈ ಗ್ರಂಥವು 1920ರ ದಶಕದಲ್ಲಿ ಬರೋಡೆಯ ಗಾಯಕವಾಡ ಮಾಲೆಯಲ್ಲಿ ಅಚ್ಚಾಯಿತು. ಇದರ ಯಂತ್ರಾಧ್ಯಾಯವನ್ನೂ ಇತರ ಸಂಸ್ಕೃತ ಆಕರಗಳನ್ನೂ ಕೂಡಿಸಿ ವಿ. ರಾಘವನ್ ಅವರು ಬರೆದ ಪ್ರಬಂಧವನ್ನು 1950ರ ದಶಕದಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕಲ್ಚರ್ ಪ್ರಕಟಿಸಿತು. ಈ ವಿಷಯದಲ್ಲಿ ಆಸಕ್ತಿಯುಳ್ಳವರು ಮೊದಲು ಓದಬೇಕಾದ ಪುಸ್ತಕ ಅದೇ. ನರ್ತಿಸುವ ಬೊಂಬೆ, ಬಾಗಿಲು ಕಾಯುವ ಮರದ ಭಟ, ನೀರು ಸೂಸುವ ಧಾರಾಗೃಹ, ಪಾದರಸದಿಂದ ಹಾರುವ ಮರದ ಹಕ್ಕಿ, ಇವೆಲ್ಲ ಭೋಜನ ಪಟ್ಟಿಯಲ್ಲಿವೆ. ಒಳ್ಳೆಯ ಯಂತ್ರದ ಗುಣಗಳನ್ನೂ ಅವನು ಎಣಿಸುತ್ತಾನೆ: ಸದ್ದು ಮಾಡಬಾರದು, ಸಡಿಲಾಗಬಾರದು, ಬೇಕೆಂದಾಗ ಮಾತ್ರ ಸದ್ದು ಮಾಡಬೇಕು, ಬಹುಕಾಲ ಬಾಳಬೇಕು. ಇವು ಕೈಯಲ್ಲಿ ಯಂತ್ರವನ್ನು ಹಿಡಿದು ನೋಡಿದವರ ಮಾತುಗಳೇ ಸರಿ. ಆದರೆ ರಚನೆಯ ವಿವರಕ್ಕೆ ಬಂದೊಡನೆ ಗ್ರಂಥವು ಮೌನ ತಾಳುತ್ತದೆ. ಅರಿಯದೆ ಅಲ್ಲ, ಗುಟ್ಟನ್ನು ಕಾಯಲೆಂದೇ ಹೇಳಲಿಲ್ಲ ಎಂದು ಗ್ರಂಥಕಾರನೇ ಸಮಾಧಾನ ಹೇಳುತ್ತಾನೆ.

ಆ ಸಮಾಧಾನವನ್ನು ನಾವು ಎಷ್ಟರಮಟ್ಟಿಗೆ ಒಪ್ಪಬಹುದು? ಧಾರಾಗೃಹಗಳನ್ನೂ ಕುಣಿಯುವ ಬೊಂಬೆಗಳನ್ನೂ ಆ ಕಾಲದ ಕುಶಲಿಗಳು ಮಾಡಿದ್ದರೆಂದು ನಂಬಲು ಅಡ್ಡಿಯಿಲ್ಲ. ಅವು ನೀರು, ಹುರಿ, ಸನ್ನೆಗಳ ಅಳವಿನೊಳಗಿನ ಕೆಲಸಗಳು. ಪಾದರಸದ ಹಕ್ಕಿ ಹಾಗಲ್ಲ. ಅಲ್-ಜಜರಿಯ ಪುಟಗಳನ್ನೂ ಭೋಜನ ಪುಟಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಒಂದರಲ್ಲಿ ಅಳತೆಗಳಿವೆ, ಇನ್ನೊಂದರಲ್ಲಿ ಆಶ್ವಾಸನೆಗಳಿವೆ. ಗುಟ್ಟಾಗಿಟ್ಟ ವಿದ್ಯೆಯು ಶಿಷ್ಯನು ತೀರಿಕೊಂಡ ದಿನ ತಾನೂ ತೀರಿಕೊಳ್ಳುತ್ತದೆ. ಈ ಭೇದವನ್ನು ಮರೆತಾಗ ಏನಾಗುತ್ತದೆಂಬುದಕ್ಕೆ ನಿದರ್ಶನವು ನಮ್ಮ ನಾಡಿನಲ್ಲಿಯೇ ಇದೆ. ಪ್ರಾಚೀನವೆಂದು ಪ್ರಚಾರವಾದ 'ವೈಮಾನಿಕ ಶಾಸ್ತ್ರ'ವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ವಿದ್ವಾಂಸರು 1974ರಲ್ಲಿ ಪರಿಶೀಲಿಸಿ, ಅದು 20ನೆಯ ಶತಮಾನದ ರಚನೆಯೆಂದೂ, ಅದರಲ್ಲಿ ಬಣ್ಣಿಸಿದ ವಿಮಾನಗಳು ಹಾರಲಾರವೆಂದೂ ತೋರಿಸಿದರು. ಆ ಪುಸ್ತಕದ ಗದ್ದಲದಲ್ಲಿ ಭೋಜನ ನಿಜವಾದ ಹಿರಿಮೆ, ಅಂದರೆ ಯಂತ್ರವೆಂದರೇನು, ಒಳ್ಳೆಯ ಯಂತ್ರವೆಂದರೇನು ಎಂದು ಕೇಳಿದ ಹಿರಿಮೆ, ಮರೆಗೆ ಸರಿಯಿತೆಂಬುದೇ ವ್ಯಸನ.

18ನೆಯ ಶತಮಾನದ ಯೂರೋಪಿಗೆ ಬಂದರೆ ಗಡಿಯಾರದ ಕುಶಲಕರ್ಮಿಗಳು ಬೊಂಬೆಗಳಿಗೆ ಕೈಹಾಕಿದ್ದನ್ನು ಕಾಣುತ್ತೇವೆ. ಫ್ರಾನ್ಸಿನ ವೋಕಾನ್ಸೊನನು 1738ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಪರಿಷತ್ತಿನ ಮುಂದೆ ಕೊಳಲೂದುವ ಆಳೆತ್ತರದ ಬೊಂಬೆಯನ್ನು ಇರಿಸಿದ. ಅದರೊಳಗಿನ ತಿದಿಗಳಿಂದ ಬಂದ ಗಾಳಿಯು ತುಟಿಯಿಂದ ಹೊರಟು, ಬೆರಳು ನಾಲಗೆಗಳ ಚಲನೆಯಿಂದ ಸ್ವರವಾಗುತ್ತಿತ್ತು. ಹನ್ನೆರಡು ರಾಗಗಳನ್ನು ಅದು ನುಡಿಸುತ್ತಿತ್ತು. ಅವನ ಬಾತುಕೋಳಿ ಮಾತ್ರ ಕಾಳನ್ನು ತಿಂದು ಅರಗಿಸಿಕೊಳ್ಳುತ್ತದೆಂದು ಜನರನ್ನು ಬೆರಗುಗೊಳಿಸಿತು. ಹಿಂದಿನಿಂದ ಬಂದುದು ಮೊದಲೇ ತುಂಬಿಟ್ಟಿದ್ದ ಬಣ್ಣದ ರೊಟ್ಟಿಯ ಪುಡಿಯೆಂದು ಮುಂದೆ ಬಯಲಾಯಿತು. ಹಂಗೆರಿಯ ಕೆಂಪೆಲೆನ್ 1769ರಲ್ಲಿ ರಚಿಸಿದ ಚದುರಂಗವಾಡುವ 'ತುರ್ಕ'ನಂತೂ ಪೂರ್ತಿಯಾಗಿ ವಂಚನೆ. ಪೆಟ್ಟಿಗೆಯೊಳಗೆ ಚದುರಂಗಬಲ್ಲ ಮನುಷ್ಯನೇ ಅಡಗಿ ಕುಳಿತಿರುತ್ತಿದ್ದ. ಅದು 1854ರಲ್ಲಿ ಫಿಲಡೆಲ್ಫಿಯದಲ್ಲಿ ಬೆಂಕಿಗೆ ಆಹುತಿಯಾಯಿತು.

ವಂಚನೆಯಿಲ್ಲದ ಉತ್ತಮ ಕೃತಿಗಳೆಂದರೆ ಸ್ವಿಟ್ಜರ್ಲೆಂಡಿನ ಝಾಕೆ-ದ್ರೋ ಮನೆತನದವರು 1774ರಲ್ಲಿ ಪ್ರದರ್ಶಿಸಿದ ಮೂರು ಬೊಂಬೆಗಳು. ಅವುಗಳಲ್ಲಿ ಬರೆಯುವ ಹುಡುಗನು ಸುಮಾರು ಆರು ಸಾವಿರ ಬಿಡಿಭಾಗಗಳಿಂದಾದವನು. ಗರಿಯನ್ನು ಶಾಯಿಯಲ್ಲಿ ಅದ್ದಿ, ಒಮ್ಮೆ ಝಾಡಿಸಿ, ನಲವತ್ತು ಅಕ್ಷರಗಳವರೆಗೆ ಬರೆಯುತ್ತಾನೆ. ಅವನ ಬೆನ್ನೊಳಗೆ ಅಂಚು ಉಬ್ಬುತಗ್ಗಾಗಿ ಕೊರೆದ ಬಿಲ್ಲೆಗಳ ರಾಶಿಯಿದೆ. ಯಂತ್ರಶಿಲ್ಪಿಗಳು ಕ್ಯಾಮ್ ಎಂದು ಕರೆಯುವ ಈ ಬಿಲ್ಲೆಯ ಅಂಚಿನ ಮೇಲೆ ಸನ್ನೆಯ ತುದಿಯು ಏರಿ ಇಳಿಯುತ್ತ ಹೋದಂತೆ ಕೈಯು ಅಕ್ಷರದ ವಂಕಿಯನ್ನು ತಿದ್ದುತ್ತದೆ. ಇನ್ನೊಂದು ಚಕ್ರದ ಹಲ್ಲುಗಳನ್ನು ಬದಲಿಸಿ ಯಾವ ಅಕ್ಷರದ ಮೇಲೆ ಯಾವ ಅಕ್ಷರ ಬರಬೇಕೆಂಬುದನ್ನು ಗೊತ್ತುಮಾಡಬಹುದು. ನ್ಯೂಷಾಟೆಲ್ ನಗರದ ವಸ್ತುಸಂಗ್ರಹಾಲಯದಲ್ಲಿರುವ ಆ ಹುಡುಗನು ಇಂದಿಗೂ ಬರೆಯಬಲ್ಲ.

ಇದೇ ಜಾತಿಯ ಇನ್ನೊಂದು ಬೊಂಬೆಯ ಕಥೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. 1928ರಲ್ಲಿ ಫಿಲಡೆಲ್ಫಿಯದ ಫ್ರಾಂಕ್ಲಿನ್ ಸಂಸ್ಥೆಗೆ ಬೆಂಕಿಯಲ್ಲಿ ಬೆಂದು ಹಾಳಾಗಿದ್ದ ಬೊಂಬೆಯೊಂದು ಬಂದಿತು. ಅದನ್ನು ಮಾಡಿದವನು ಮೇಲ್ಟ್ಸೆಲ್ ಎಂದು ಅದನ್ನು ಕೊಟ್ಟ ಮನೆಯವರು ನಂಬಿದ್ದರು. ಸಂಸ್ಥೆಯ ಕುಶಲಕರ್ಮಿಯು ಅದನ್ನು ದುರಸ್ತಿಮಾಡಿ ಕೈಗೆ ಲೇಖನಿಯನ್ನು ಕೊಟ್ಟು ಕೀಲನ್ನು ಬಿಟ್ಟ. ಬೊಂಬೆಯು ಒಂದಾದ ಮೇಲೊಂದರಂತೆ ನಾಲ್ಕು ಚಿತ್ರಗಳನ್ನೂ ಮೂರು ಪದ್ಯಗಳನ್ನೂ ಬರೆಯಿತು. ಕೊನೆಯ ಪದ್ಯದ ಅಂಚಿನಲ್ಲಿ, ಇದನ್ನು ಬರೆದದ್ದು ಮೈಯಾರ್ದೆಯ ಯಂತ್ರವೆಂದು ಫ್ರೆಂಚಿನಲ್ಲಿ ರುಜು ಹಾಕಿತು. ಮನುಷ್ಯರು ಮರೆತ ಹೆಸರು ಹಿತ್ತಾಳೆಯ ಬಿಲ್ಲೆಯ ಅಂಚಿನಲ್ಲಿ ಉಳಿದಿತ್ತು.

ಕನ್ನಡಿಗರಿಗೆ ಅತ್ಯಂತ ಹತ್ತಿರವಾದ ಯಂತ್ರಬೊಂಬೆಯು ಲಂಡನ್ನಿನಲ್ಲಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದ ಮೇಲೆ ಅರಮನೆಯ ಸಂಗೀತಶಾಲೆಯಲ್ಲಿ ಇಂಗ್ಲಿಷರಿಗೆ ಸಿಕ್ಕಿದ ಟಿಪ್ಪು ಸುಲ್ತಾನನ ಹುಲಿಯದು. 1808ರಿಂದ ಈಸ್ಟ್ ಇಂಡಿಯಾ ಕಂಪೆನಿಯ ಕಚೇರಿಯಲ್ಲಿ ಪ್ರದರ್ಶಿತವಾಗಿ, 1880ರಿಂದ ಈಚೆಗೆ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದ ಸೊತ್ತಾಗಿದೆ. ಸುಮಾರು 172 ಸೆಂಟಿಮೀಟರು ಉದ್ದದ, ಬಣ್ಣ ಬಳಿದ ಮರದ ಹುಲಿಯು ನೆಲಕ್ಕೆ ಬಿದ್ದ ಐರೋಪ್ಯನ ಕೊರಳಿಗೆ ಬಾಯಿ ಹಾಕಿದೆ. ಪಕ್ಕದ ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಯಿಂದ ಹೊರಟ ಗಾಳಿಯು ಆ ಮನುಷ್ಯನ ಗಂಟಲಿನ ಕೊಳವೆಯಲ್ಲಿ ಹಾದು ಆರ್ತನಾದವಾಗುತ್ತದೆ. ಅವನ ಎಡಗೈ ಎದ್ದು ಬೀಳುತ್ತದೆ. ಹುಲಿಯ ತಲೆಯೊಳಗಿನ ಇನ್ನೊಂದು ಕೊಳವೆ ಗುರುಗುಟ್ಟುತ್ತದೆ. ಹುಲಿಯ ಪಕ್ಕೆಯ ಮುಚ್ಚಳವನ್ನು ತೆರೆದರೆ ದಂತದ ಹದಿನೆಂಟು ಗುಂಡಿಗಳುಳ್ಳ ಪುಟ್ಟ ಆರ್ಗನ್ ವಾದ್ಯವೂ ಇದೆ. ಮರದ ಕೆತ್ತನೆ ಮೈಸೂರಿನದೆಂಬುದರಲ್ಲಿ ಸಂದೇಹವಿಲ್ಲ. ಒಳಗಿನ ಯಂತ್ರದಲ್ಲಿ ಫ್ರೆಂಚರ ಕೈವಾಡ ಇರಬಹುದೆಂದು ವಿದ್ವಾಂಸರು ಊಹಿಸುತ್ತಾರೆ.

ಈ ಹುಲಿಯನ್ನು ನಮ್ಮವರು ಅಭಿಮಾನದಿಂದ ಭಾರತದ ಮೊದಲ ರೋಬೋಟ್ ಎಂದು ಬರೆದುದನ್ನು ಓದಿದ್ದೇನೆ. ಅಭಿಮಾನ ಸಲ್ಲತಕ್ಕದ್ದೇ, ವಿಶೇಷಣ ಸಲ್ಲದು. ಮೇಲೆ ಹೇಳಿದ ಒರೆಗಲ್ಲಿಗೆ ಹಚ್ಚಿದರೆ ಹುಲಿಯಲ್ಲಿ ಮೊಳೆಯ ಉರುಳೆಯಿಲ್ಲ. ಆರ್ಗನ್ನಿನಲ್ಲಿ ರಾಗವನ್ನು ನುಡಿಸಬೇಕಾದವನು ಮನುಷ್ಯ. ಹಿಡಿಯನ್ನು ತಿರುಗಿಸಬೇಕಾದವನೂ ಮನುಷ್ಯ. ಹುಲಿಗೆ ಗೊತ್ತಿರುವುದು ಒಂದೇ ಗರ್ಜನೆ, ಅದರ ಕೆಳಗಿರುವವನಿಗೆ ಒಂದೇ ಗೋಳು. ಅದು ಸೊಗಸಾದ ಕೀಲುಬೊಂಬೆ. ಅದರ ಮಹತ್ವವೆಲ್ಲ ಅದು ಏನನ್ನು ಹೇಳುತ್ತದೆಂಬುದರಲ್ಲಿದೆಯೇ ಹೊರತು ಹೇಗೆ ನಡೆಯುತ್ತದೆಂಬುದರಲ್ಲಿಲ್ಲ.

ಬೊಂಬೆಯು ಕಾರ್ಖಾನೆಯನ್ನು ಹೊಕ್ಕ ಕಥೆಯೂ ವೋಕಾನ್ಸೊನನಿಂದಲೇ ಆರಂಭವಾಗುತ್ತದೆ. 1741ರಲ್ಲಿ ಅವನನ್ನು ಫ್ರಾನ್ಸಿನ ರೇಷ್ಮೆ ಉದ್ಯಮದ ತನಿಖಾಧಿಕಾರಿಯಾಗಿ ನೇಮಿಸಿದರು. ಅವನ ಸುಧಾರಣೆಗಳ ವಿರುದ್ಧ 1744ರಲ್ಲಿ ಲಿಯೊನ್ ನಗರದ ನೇಕಾರರು ದಂಗೆಯೆದ್ದಾಗ ಅವನು ಊರು ಬಿಟ್ಟು ಓಡಬೇಕಾಯಿತು. ಮರುವರ್ಷ ಅವನು ತಾನಾಗಿ ನೇಯುವ ಮಗ್ಗವೊಂದನ್ನು ರಚಿಸಿದನಾದರೂ ಅದು ಬಳಕೆಗೆ ಬರಲಿಲ್ಲ. ಅದಕ್ಕೂ ಹಿಂದೆ ಬೂಷೊನ್, ಫಾಲ್ಕೊನ್ ಎಂಬಿಬ್ಬರು ತೂತು ಹೊಡೆದ ಕಾಗದದಿಂದಲೂ ರಟ್ಟಿನಿಂದಲೂ ಹಾಸಿನ ಎಳೆಗಳನ್ನು ಆರಿಸುವ ಪ್ರಯೋಗ ಮಾಡಿದ್ದರು. ಇವೆಲ್ಲವನ್ನೂ ಕೂಡಿಸಿ 1804ರಲ್ಲಿ ಸಿದ್ಧಿಗೆ ತಂದವನು ಝಕಾರ್. ರಟ್ಟಿನಲ್ಲಿ ತೂತಿದ್ದೆಡೆ ಸೂಜಿ ಒಳಹೊಕ್ಕು ಎಳೆಯು ಏಳುತ್ತದೆ, ತೂತಿಲ್ಲದೆಡೆ ಏಳುವುದಿಲ್ಲ. ಒಂದೊಂದು ರಟ್ಟು ಬಟ್ಟೆಯ ಒಂದೊಂದು ಸಾಲು. ಅಲ್ಲಿಯವರೆಗೆ ಮಗ್ಗದ ಬಳಿ ಹಗಲೆಲ್ಲ ನಿಂತು ಹುರಿಗಳನ್ನೆಳೆಯುತ್ತಿದ್ದ ಸಹಾಯಕರ, ಹಲವೆಡೆ ಎಳೆಯ ಮಕ್ಕಳ, ಕೆಲಸವನ್ನು ಈ ರಟ್ಟಿನ ಸರವು ತೆಗೆದುಕೊಂಡಿತು. ಕಷ್ಟವೂ ಹೋಯಿತು, ಕೂಲಿಯೂ ಹೋಯಿತು. ಎರಡನ್ನೂ ಒಟ್ಟಿಗೆ ಹೇಳದ ಚರಿತ್ರೆ ಅರ್ಧ ಚರಿತ್ರೆ.

ಉರುಳೆಗಿಂತ ರಟ್ಟಿನ ಹೆಚ್ಚಳವೇನೆಂದರೆ, ಉರುಳೆಯ ಸುತ್ತಳತೆಗೆ ಮಿತಿಯಿದೆ, ರಟ್ಟಿನ ಸರಕ್ಕೆ ಮಿತಿಯಿಲ್ಲ. ಝಕಾರನ ಭಾವಚಿತ್ರವನ್ನೇ ರೇಷ್ಮೆಯಲ್ಲಿ ನೇಯಲು 24,000 ರಟ್ಟುಗಳನ್ನು ಬಳಸಿದರು. ಆ ಚಿತ್ರದ ಪ್ರತಿಯೊಂದನ್ನು ಸಂಪಾದಿಸಿ ಮನೆಯಲ್ಲಿ ತೂಗುಹಾಕಿದ್ದ ಇಂಗ್ಲೆಂಡಿನ ಬ್ಯಾಬೇಜನು, ಇದೇ ರಟ್ಟುಗಳಿಂದ ಲೆಕ್ಕ ಮಾಡುವ ಯಂತ್ರಕ್ಕೆ ಆಜ್ಞೆ ಕೊಡುವುದನ್ನು 1830ರ ದಶಕದಲ್ಲಿ ಯೋಚಿಸಿದ. ಯಂತ್ರವು ಪೂರ್ತಿಯಾಗಲಿಲ್ಲ, ಯೋಚನೆ ಉಳಿಯಿತು. ಇವನು ಬಾಲ್ಯದಲ್ಲಿ ಕಂಡು ಮರುಳಾದ ಬೆಳ್ಳಿಯ ನರ್ತಕಿಯ ಬೊಂಬೆಯೊಂದನ್ನು ಮುಂದೆ ತಾನೇ ಕೊಂಡು ಮನೆಯಲ್ಲಿ ಇಟ್ಟುಕೊಂಡಿದ್ದನೆಂಬುದು ಮರೆಯತಕ್ಕ ಸಂಗತಿಯಲ್ಲ. ಕರ್ನಾಟಕದಲ್ಲಿ ರೇಷ್ಮೆ ಸೀರೆ ನೇಯುವ ಊರುಗಳಿಗೆ ಹೋದವರು ಮಗ್ಗದ ನೆತ್ತಿಯ ಮೇಲೆ ಸರವಾಗಿ ತೂಗುವ ತೂತಿನ ರಟ್ಟುಗಳನ್ನು ಕಂಡಿರಬಹುದು. ಈಚೆಗೆ ಅನೇಕ ಕಡೆ ವಿದ್ಯುನ್ಮಾನ ಪೆಟ್ಟಿಗೆಗಳು ಆ ಸ್ಥಾನಕ್ಕೆ ಬಂದಿವೆ. ಆದರೂ ನೇಕಾರರು ಅದನ್ನು ಜಕಾರ್ಡ್ ಎಂದೇ ಕರೆಯುತ್ತಾರೆ.

ಸ್ಮೃತಿಯೊಂದೇ ಸಾಲದು. ಹೇರಾನನ ಬಂಡಿಯ ದಾರಿಯಲ್ಲಿ ಕಲ್ಲೊಂದನ್ನಿಟ್ಟರೆ ಅದು ಕಲ್ಲಿಗೆ ತಾಗಿ ನಿಲ್ಲುತ್ತದೆ. ಬರೆಯುವ ಹುಡುಗನ ಮುಂದಿನ ಕಾಗದವನ್ನು ತೆಗೆದರೆ ಅವನು ಮೇಜಿನ ಮೇಲೆಯೇ ಬರೆಯುತ್ತಾನೆ. ತಾನು ಮಾಡಿದ್ದರ ಫಲವನ್ನು ಅರಿತು ಮುಂದಿನದನ್ನು ತಿದ್ದಿಕೊಳ್ಳುವ ಗುಣವು ಬೇರೆ ಮೂಲದಿಂದ ಬಂದಿತು. ಉಗಿಯಂತ್ರಕ್ಕೆ ವಾಟನು 1788ರಲ್ಲಿ ಅಳವಡಿಸಿದ ನಿಯಂತ್ರಕದಲ್ಲಿ ಎರಡು ಗುಂಡುಗಳು ಸುತ್ತುತ್ತವೆ. ವೇಗ ಹೆಚ್ಚಿದರೆ ಅವು ದೂರ ಸರಿದು ಮೇಲೇರಿ ಉಗಿಯ ಕವಾಟವನ್ನು ಮುಚ್ಚುತ್ತವೆ, ವೇಗ ತಗ್ಗಿದರೆ ಇಳಿದು ತೆರೆಯುತ್ತವೆ. 1948-49ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಗ್ರೇ ವಾಲ್ಟರ್ ಎಂಬ ಮಿದುಳುಶಾಸ್ತ್ರಜ್ಞನು ಮಾಡಿದ ಮೂರು ಗಾಲಿಯ 'ಆಮೆ'ಗಳು ಬೆಳಕನ್ನು ಹುಡುಕಿಕೊಂಡು ಹೋಗುತ್ತಿದ್ದವು, ಅಡ್ಡಿ ತಾಗಿದರೆ ಪಕ್ಕಕ್ಕೆ ಸರಿಯುತ್ತಿದ್ದವು. ಅವುಗಳೊಳಗೆ ಸುತ್ತಿಟ್ಟ ದಾರಿ ಯಾವುದೂ ಇರಲಿಲ್ಲ. ಸ್ಮೃತಿಯ ಧಾರೆಯೂ ಈ ಇಂದ್ರಿಯದ ಧಾರೆಯೂ ಕೂಡಿದಲ್ಲಿ ಇಂದಿನ ರೋಬೋಟುಗಳಿವೆ.

ಆ ಪದವನ್ನು ಕುರಿತು ಒಂದು ಮಾತು. ಚೆಕ್ ಲೇಖಕ ಕಾರೆಲ್ ಚಾಪೆಕನ 1920ರ ನಾಟಕದಿಂದ 'ರೋಬೋಟ್' ಜಗತ್ತಿಗೆ ಹರಡಿತು. ಪದವನ್ನು ಸೂಚಿಸಿದವನು ಅವನ ಅಣ್ಣ ಯೋಸೆಫ್. ಚೆಕ್ ಭಾಷೆಯಲ್ಲಿ 'ರೊಬೊತಾ' ಎಂದರೆ ಒಡೆಯನಿಗೆ ಒಕ್ಕಲು ಕೂಲಿಯಿಲ್ಲದೆ ಮಾಡಬೇಕಾದ ದುಡಿಮೆ. ಕನ್ನಡದಲ್ಲಿ ಇದಕ್ಕೆ ಸರಿಸಮನಾದ ಮಾತು ಶಾಸನಗಳ ಕಾಲದಿಂದಲೂ ಇದೆ: ಸಂಸ್ಕೃತದ 'ವಿಷ್ಟಿ'ಯಿಂದ ಬಂದ 'ಬಿಟ್ಟಿ'. ನಾವು ರೂಢಿಗೆ ತಂದ 'ಯಂತ್ರಮಾನವ'ದಲ್ಲಿ ಮಾನವನ ಆಕಾರ ಬಂದಿತು, ಬಿಟ್ಟಿಯ ಅರ್ಥ ಹೋಯಿತು. 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತ ಮೊದಲ ಕೈಗಾರಿಕಾ ರೋಬೋಟಾದ ಯೂನಿಮೇಟಿಗೆ ಮುಖವೂ ಇರಲಿಲ್ಲ, ಕಾಲೂ ಇರಲಿಲ್ಲ. ಇದ್ದುದು ಭಾರಿ ಪೀಠದ ಮೇಲಿನ ಒಂದು ತೋಳು ಮಾತ್ರ. ಅಚ್ಚಿನಿಂದ ಹೊರಬಂದ ಸುಡುವ ಲೋಹದ ಭಾಗಗಳನ್ನೆತ್ತಿ ಇಡುವುದು ಅದರ ಕೆಲಸ. ಆ ತೋಳನ್ನು ಒಂದೊಂದು ಭಂಗಿಗೂ ತಂದು ನಿಲ್ಲಿಸಿ, ಆ ಸ್ಥಾನಗಳನ್ನು ಅದರ ಸ್ಮೃತಿಯಲ್ಲಿ ದಾಖಲು ಮಾಡಿಸುತ್ತಿದ್ದರು; ಅನಂತರ ಅದು ಅವನ್ನೇ ಮರಳಿ ಮರಳಿ ನಡೆಸುತ್ತಿತ್ತು. ಸ್ಮೃತಿಯನ್ನು ಇಟ್ಟುಕೊಂಡಿದ್ದುದು ತಿರುಗುವ ಒಂದು ಉರುಳೆ. ಅದರ ಮೈಮೇಲೆ ಮೊಳೆಗಳ ಬದಲು ಕಾಂತದ ಗುರುತುಗಳಿದ್ದವು.